ಮಹಾರಾಜರ ಮೊಬೈಲೂ ಬಯಲಾಟದ ತೆರೆಯೂ

"ಕೇಳಿರಪ್ಪೋ ಕೇಳಿ. ಮಲ್ಲರಸ ಮಹಾರಾಜರ ಮೊಬೈಲಿನಲ್ಲಿರುವ ಫೋಟೋ ಆ್ಯಪನ್ನು ಸರಿಮಾಡಲು ಬರುವವರು ಮೊದಲು ಅಮ್ಮಣ್ಣಿ ನೀಲಾಂಜನೆಯವರ ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಬೇಡಿದ್ದು ಸಿಕ್ಕುತ್ತದೆ. ತಪ್ಪಿದವರ ತಲೆ ಅಮಾವಾಸ್ಯೆಗೆ ಹೋಗುತ್ತದೆ."

ಡಂಗುರದವನು ತಮಟೆ ಬಡಿದು ಹೀಗೆ ಸಾರಿದ. ಮೊಬೈಲು ಇದ್ದವರಿಗೆಲ್ಲ ಅದೇ ಮಾತು ಮೆಸೇಜಾಗಿಯೂ ಬಂತು. ರಾಜರೂ ಇದ್ದು ಮೊಬೈಲೂ ಇದ್ದ ಕಾಲ ಯಾವುದು ಎಂದು ಕೇಳಬೇಡಿ, ಈ ಕತೆಗೆ ಅಂಥದೇ ಒಂದು ಕಾಲ ಬೇಕು.

ರಾಣಿ ಪದ್ಮಲೆ ತೀರಿಕೊಂಡು ವರ್ಷಗಳಾಗಿದ್ದವು. ಮಹಾರಾಜರಿಗೆ ಈಚೆಗೆ ಮರೆವು. ಮಗಳು ನೀಲಾಂಜನೆ ಅಮ್ಮನ ಫೋಟೋಗಳನ್ನೆಲ್ಲ ಒಂದು ಆ್ಯಪಿನಲ್ಲಿ ಸೇರಿಸಿ ತಂದೆಯ ಕೈಗೆ ಕೊಟ್ಟಿದ್ದಳು. ಪುಟದ ತುಂಬ ಚಿಕ್ಕ ಚಿಕ್ಕ ಫೋಟೋ, ಒಂದನ್ನು ಮುಟ್ಟಿದರೆ ಅದು ದೊಡ್ಡದಾಗಿ ಬರಬೇಕು. ಬರುತ್ತಿತ್ತು, ಆದರೆ ಹಿಂದಿನ ಪುಟವನ್ನು ಪೂರ್ತಿ ನುಂಗಿಕೊಂಡು ಫಕ್ಕನೆ ಬರುತ್ತಿತ್ತು. ಮುಚ್ಚಿದರೆ ಅಷ್ಟೇ ಫಕ್ಕನೆ ಮಾಯ. "ಈಗ ಇಲ್ಲೇ ಇದ್ದಳಲ್ಲ ನಿಮ್ಮಮ್ಮ, ಎಲ್ಲಿ ಹೋದಳು?" ಎಂದು ಮಹಾರಾಜರು ಅರಮನೆಯ ಕೋಣೆ ಕೋಣೆ ಹುಡುಕುತ್ತಿದ್ದರು. ಅಮ್ಮ ಇಲ್ಲವೆಂದು ನೀಲಾಂಜನೆ ಪ್ರತಿ ಸಲವೂ ಹೊಸದಾಗಿ ಹೇಳಬೇಕಿತ್ತು, ಅವರು ಪ್ರತಿ ಸಲವೂ ಹೊಸದಾಗಿ ಅಳುತ್ತಿದ್ದರು. ಇನ್ನು ಇದನ್ನು ನೋಡಲಾರೆ ಎಂದು ಅವಳಿಗೆ ಅನ್ನಿಸಿಬಿಟ್ಟಿತ್ತು.

ರಿಪೇರಿಗೆ ಬಂದವರೆಲ್ಲ ಆ್ಯಪಿನ ಬಣ್ಣ ಬದಲಾಯಿಸಿ ಹೋಗುತ್ತಿದ್ದರು. ತಂದೆಯ ಕಷ್ಟ ಅರ್ಥವಾದವರೇ ಬರಲಿ ಎಂದು ಅವಳು ಒಗಟು ಕಟ್ಟಿದಳು. ತಲೆದಂಡ ಅವಳು ಕೇಳಿದ್ದಲ್ಲ. ಅರಮನೆಯಲ್ಲಿ ಒಗಟಿಟ್ಟರೆ ತಲೆದಂಡ ಎಂಬುದು ಮುತ್ತಾತನ ಕಾಲದ ಕಟ್ಟಳೆ. ತೆಗೆದುಹಾಕಲು ಮಹಾರಾಜರೇ ಅಪ್ಪಣೆ ಕೊಡಬೇಕು, ಅವರೋ ಅದನ್ನೂ ಮರೆತುಬಿಡುತ್ತಿದ್ದರು.

ಮೊದಲು ಬಂದವನು ಸೇನಾಪತಿಯ ಅಳಿಯ, ಮೀಸೆ ತಿರುವಿಕೊಂಡೇ ಬಂದ.

"ಎದುರಿಗೆ ಬಂದು ನಿಲ್ಲುತ್ತೆ, ಆದರೆ ಹಿಂದಿದ್ದವರನ್ನ ಓಡಿಸೋದಿಲ್ಲ. ಮುಚ್ಚುತ್ತೆ, ಆದರೆ ಅಂಚು ಬಿಟ್ಟಿರುತ್ತೆ. ಏನದು?" ಎಂದಳು ನೀಲಾಂಜನೆ.

"ಗ್ರಹಣ," ಎಂದ ಅಳಿಯ.

"ಗ್ರಹಣ ಕಂಡರೆ ಅಪ್ಪಾಜಿ ಹೆದರ್ತಾರೆ," ಎಂದಳು ಅವಳು. ಅವನನ್ನು ಸೆರೆಮನೆಗೆ ಕರೆದೊಯ್ದರು.

ಎರಡನೆಯವನು ದೂರದೇಶದಲ್ಲಿ ಆ್ಯಪು ವಿದ್ಯೆ ಕಲಿತ ಪಂಡಿತ. ಅದೇ ಒಗಟಿಗೆ ಅವನು ತಡವರಿಸದೆ ಹೇಳಿದ: "ಕಾರ್ಡಿನ ಹಾಗೆ ಮೇಲೆದ್ದು ಬರುವ ಪುಟ ಅಮ್ಮಣ್ಣಿ. ಹಿಂದಿನ ಪುಟ ಒಂಚೂರು ಹಿಂದೆ ಸರಿದು, ಮಂಕಾಗಿ, ಅಂಚು ಕಾಣೋ ಹಾಗೆ ನಿಂತಿರುತ್ತೆ."

ನೀಲಾಂಜನೆಗೆ ಜೀವ ಬಂದಂತಾಯಿತು. "ಸರಿ. ಅದನ್ನೇ ಬೆರಳಲ್ಲಿ ಕೆಳಕ್ಕೆ ಎಳೆದು, ನಡುವೆ ಕೈಬಿಟ್ಟರೆ, ಒಂದು ಸಲ ಪೂರ್ತಿ ಇಳಿಯುತ್ತೆ, ಇನ್ನೊಂದು ಸಲ ಮೇಲಕ್ಕೇ ಹೋಗುತ್ತೆ. ತೀರ್ಮಾನ ಯಾರದು?"

"ಅಳತೆಯದು. ಅರ್ಧ ದಾಟಿದ್ದರೆ ಇಳಿಯುತ್ತೆ, ದಾಟದಿದ್ದರೆ ಏರುತ್ತೆ."

"ಅಪ್ಪಾಜಿ ಕೈ ನಡುಗುತ್ತೆ. ಅರ್ಧದವರೆಗೆ ಎಳೆಯೋಕಾಗದ ದಿನ ಏನು ಮಾಡ್ತಾರೆ?"

ಪಂಡಿತ ಮತ್ತೆ ಅಳತೆಯ ಲೆಕ್ಕಕ್ಕೇ ಇಳಿದ. ಅವನೂ ಸೆರೆಮನೆ ಸೇರಿದ. ಅಮಾವಾಸ್ಯೆ ಹತ್ತಿರವಾದಂತೆ ನೀಲಾಂಜನೆಗೆ ಅನ್ನ ಸೇರದಾಯಿತು.

ಒಗಟುಗಳೂ ಪಂಡಿತನ ಉತ್ತರವೂ ಅಷ್ಟರಲ್ಲಿ ಊರೆಲ್ಲ ಹಬ್ಬಿದ್ದವು. ಆಗ ಬಂದವನು ಸಣ್ಣೀರ. ಬಯಲಾಟದ ಮೇಳದಲ್ಲಿ ತೆರೆ ಹಿಡಿಯುವವನು, ಹಗಲು ಮೊಬೈಲಂಗಡಿಯಲ್ಲಿ ಕೂತು ಅಷ್ಟಿಷ್ಟು ಆ್ಯಪು ಕಟ್ಟಲು ಕಲಿತಿದ್ದ. ಬಾಗಿಲ ಕಾವಲಿನವರು, ಅವನ ಕುತ್ತಿಗೆಯನ್ನೊಮ್ಮೆ ನೋಡಿ, ಪಾಪ ಅಂದುಕೊಂಡು ಒಳಗೆ ಬಿಟ್ಟರು.

"ಮೊದಲನೇದು ಪಂಡಿತರು ಹೇಳಿದ್ದೇ ಅಮ್ಮಣ್ಣಿ, ಅದಕ್ಕಿಂತ ಚೆನ್ನಾಗಿ ನನಗೆ ಹೇಳೋಕೆ ಬರಲ್ಲ," ಎಂದ ಸಣ್ಣೀರ. "ಎರಡನೇದು ನನಗೆ ಗೊತ್ತು. ವೇಷ ಬರೋ ಮುಂಚೆ ಇಬ್ಬರು ತೆರೆ ಹಿಡಿದು ನಿಲ್ತೀವಿ. ಹಿಂದಿಂದ ವೇಷದವನು ತೆರೆ ಅಂಚು ಹಿಡಿದು ಜಗ್ಗುತ್ತಾನೆ. ಒಂದೊಂದು ಸಲ ಬರೀ ಕಿರೀಟ ತೋರಿಸಿ ಆಸೆ ಹುಟ್ಟಿಸ್ತಾನೆ, ಆಗ ನಾವು ತೆರೆ ಮತ್ತೆ ಏರಿಸಬೇಕು. ಒಂದೊಂದು ಸಲ ಜಗ್ಗೋದು ಗೇಣುದ್ದನೇ ಆದರೂ, ಆ ಜೋರಲ್ಲೇ ಗೊತ್ತಾಗುತ್ತೆ, ಇನ್ನು ಬಂದೇ ಬಿಡ್ತಾನೆ ಅಂತ. ಅಳತೆ ನೋಡ್ತಾ ನಿಂತರೆ ಆಟ ಕೆಡುತ್ತೆ. ತೀರ್ಮಾನ ಕೈಯದು. ಬಿಡೋ ಮುಂಚೆ ಕೈ ಯಾವ ಕಡೆ ಹೋಗ್ತಿತ್ತು, ಎಷ್ಟು ಜೋರಲ್ಲಿತ್ತು, ಅಷ್ಟು ನೋಡಿದರೆ ಸಾಕು."

ನೀಲಾಂಜನೆಗೆ ಚಿಕ್ಕಂದಿನ ಬಯಲಾಟ ನೆನಪಾಯಿತು. ಅಮ್ಮನ ಮಡಿಲಲ್ಲಿ ಕೂತು, ಚೆಂಡೆಯ ಸದ್ದಿಗೆ ಕಿವಿ ಮುಚ್ಚಿಕೊಂಡು, ಆ ತೆರೆಯನ್ನೇ ನೋಡುತ್ತಿದ್ದ ದಿನಗಳು. ಅವು ಎಷ್ಟು ಚೆನ್ನಾಗಿದ್ದವು.

ಮೂರನೆಯ ಒಗಟಿಗೆ ಉತ್ತರ ಅವಳಿಗೂ ಗೊತ್ತಿರಲಿಲ್ಲ. ಅಮ್ಮ ಹೋದದ್ದು ಅವಳು ನಿದ್ದೆಯಲ್ಲಿದ್ದಾಗ, ಒಂದು ಮಾತೂ ಹೇಳದೆ. ಅಂದಿನಿಂದ ಮನಸ್ಸಿನಲ್ಲಿದ್ದದ್ದನ್ನೇ ಕೇಳಿದಳು: "ಹೋದವರು ಕಳೆದುಹೋದರು ಅನ್ನಿಸದ ಹಾಗೆ ಹೋಗೋ ದಾರಿ ಯಾವುದು?"

ಸಣ್ಣೀರ ತೆರೆ ಹಿಡಿದವನಂತೆ ಎರಡೂ ಕೈ ಎತ್ತಿ ಮೆಲ್ಲಗೆ ಇಳಿಸಿದ.

"ಬಂದ ದಾರಿ ಅಮ್ಮಣ್ಣಿ. ಯಾವ ಚಿಕ್ಕ ಫೋಟೋದಿಂದ ಎದ್ದು ಬಂತೋ ಅದರೊಳಕ್ಕೇ ಇಳಿದು ಹೋಗಬೇಕು. ಆಗ ಎಲ್ಲಿಗೆ ಹೋಯಿತು ಅಂತ ಕಣ್ಣಿಗೆ ಕಾಣುತ್ತೆ."

"ಇದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಅಪ್ಪಾಜಿನೇ ಹೇಳಬೇಕು."

"ಹಾಗಾದರೆ ಪಂಡಿತರನ್ನ ನನ್ನ ಜೊತೆ ಕೂರಿಸಿ. ಕಟ್ಟಿ ಮಹಾರಾಜರ ಕೈಗೇ ಕೊಡ್ತೀವಿ."

ಇಬ್ಬರೂ ಸೆರೆಮನೆಯಲ್ಲೇ ಕೂತು ಕಟ್ಟಿದರು. ಅಮಾವಾಸ್ಯೆಯ ಬೆಳಿಗ್ಗೆ ಮೊಬೈಲು ಮಹಾರಾಜರ ಕೈಗೆ ಬಂತು. ಅವರು ಒಂದು ಫೋಟೋ ಮುಟ್ಟಿದರು. ಪದ್ಮಲೆ ನಗುತ್ತ ಮೇಲೆದ್ದು ಬಂದಳು, ಹಿಂದಿನ ಪುಟ ಮೆಲ್ಲಗೆ ಸರಿದು ಅಂಚು ತೋರಿಸುತ್ತ ನಿಂತಿತು. ನಡುಗುವ ಬೆರಳು ಕೆಳಕ್ಕೆ ಎಳೆಯಿತು, ಫೋಟೋ ಬೆರಳಿನ ಜೊತೆಗೇ ಇಳಿಯಿತು. ಬೆರಳು ಅನುಮಾನಿಸಿ ನಿಂತು ಬಿಟ್ಟುಬಿಟ್ಟಿತು, ಫೋಟೋ ಮತ್ತೆ ಏರಿತು.

"ಬಯಲಾಟದ ತೆರೆ," ಎಂದರು ಮಹಾರಾಜರು. "ಈ ಸಲ ಇಳಿಯುತ್ತೆ ಅಂತ ಪದ್ಮಲೆ ಪಂದ್ಯ ಕಟ್ತಿದ್ದಳು. ಯಾವಾಗಲೂ ಅವಳೇ ಗೆಲ್ತಿದ್ದಳು."

ಆಮೇಲೆ ಬೆರಳು ಚೂರೇ ಚೂರು, ಆದರೆ ಸರಕ್ಕನೆ ಎಳೆಯಿತು. ಪದ್ಮಲೆ ಇಳಿದು, ಚಿಕ್ಕದಾಗಿ, ತನ್ನ ಜಾಗಕ್ಕೆ ಹೋಗಿ ಸೇರಿದಳು. ಎಲ್ಲಿ ಹೋದಳು ಎಂಬ ಪ್ರಶ್ನೆಗೆ ನೀಲಾಂಜನೆ ಕಾದಳು.

ಮಹಾರಾಜರು ಆ ಚಿಕ್ಕ ಫೋಟೋದ ಮೇಲೆ ಬೆರಳಿಟ್ಟರು. "ಇಲ್ಲಿ ಹೋಗಿ ಕೂತಳು," ಎಂದರು.

ನೀಲಾಂಜನೆ ಅಲ್ಲೇ ಕುಸಿದು ಕೂತು ಅತ್ತಳು.

"ಏನು ಬೇಕು ಕೇಳು ಮಗಾ," ಎಂದರು ಮಹಾರಾಜರು ಸಣ್ಣೀರನಿಗೆ.

"ಒಳಗಿರೋರ ತಲೆ ಉಳಿಸಿ ಮಹಾಸ್ವಾಮಿ. ಆ ಕಟ್ಟಳೆನೂ ತೆಗೆದುಬಿಡಿ."

ಅಪ್ಪಣೆಯಾಯಿತು. ಅವರು ಮರೆಯುವ ಮೊದಲೇ ನೀಲಾಂಜನೆ ಡಂಗುರ ಹೊಡೆಸಿದಳು. ಪಂಡಿತನೂ ಸಣ್ಣೀರನೂ ಅರಮನೆಯಲ್ಲೇ ಕೆಲಸಕ್ಕೆ ನಿಂತರು, ಮೇಳಕ್ಕೆ ಹೊಸ ರೇಷ್ಮೆಯ ತೆರೆ ಬಂತು. ಮದುವೆಯ ಮಾತು ಬರಲಿಲ್ಲವೇ ಎಂದರೆ, ಬಂತು. ಅದು ನೀಲಾಂಜನೆಯೂ ಸಣ್ಣೀರನೂ ಆಮೇಲೆ ಆಡಿಕೊಂಡ ಮಾತು, ನಮಗೇಕೆ.

ಮರುದಿನಕ್ಕೆ ಮಹಾರಾಜರಿಗೆ ಸಣ್ಣೀರನ ಹೆಸರೂ ಒಗಟುಗಳೂ ಮರೆತುಹೋಗಿದ್ದವು. ಮಧ್ಯಾಹ್ನ ನೀಲಾಂಜನೆ ಊಟಕ್ಕೆ ಕರೆಯಲು ಹೋದಾಗ ಅವರು ಫೋಟೋವನ್ನು ಚೂರು ಇಳಿಸುತ್ತ, ಮತ್ತೆ ಏರಲು ಬಿಡುತ್ತ ಕೂತಿದ್ದರು.

"ಏಳಿ ಅಪ್ಪಾಜಿ, ಅನ್ನ ಆರುತ್ತೆ."

"ಇರು ಮಗಳೇ," ಎಂದರು ಮಹಾರಾಜರು. "ಇನ್ನೊಂದು ಸ್ವಲ್ಪ ಹೊತ್ತು ಇರಲಿ ಅವಳು. ಆಮೇಲೆ ನಾನೇ ಕಳಿಸಿಕೊಡ್ತೀನಿ."