ನಂಬರಿನ ಮೇಲೆ ಕೂತ ತುಕ್ಕು

ಕೊಡಗಿನ ಉತ್ತಯ್ಯನವರ ಮನೆಯ ಕೋವಿಗೆ ತಾನು ರಾಜರ ಕಾಲದ್ದೆಂದು ಕೊಚ್ಚಿಕೊಳ್ಳುವ ಚಟ. ಆದರೆ ನಳಿಗೆಯ ಮೇಲಿನ ನಂಬರೂ ಕಾರ್ಖಾನೆಯ ಮುದ್ರೆಯೂ ನಿಜವಾದ ವಯಸ್ಸನ್ನು ಹೇಳಿಬಿಡುತ್ತಿದ್ದವು.

"ತುಕ್ಕಣ್ಣ, ಈ ನಂಬರಿನ ಮೇಲೆ ಹಾಯಾಗಿ ಕೂತುಕೊ," ಎಂದು ಕೋವಿ ತುಕ್ಕನ್ನು ಕರೆಯಿತು. ತುಕ್ಕು ಕೂತಿತು. ಅಂದಿನಿಂದ ಪಕ್ಕದ ಕತ್ತಿ ಕೋವಿಯನ್ನು ಅಜ್ಜ ಎನ್ನತೊಡಗಿತು. ಕೈಲ್‌ಪೊಳ್ದ್ ಹಬ್ಬದ ಆಯುಧಪೂಜೆಯಲ್ಲಿ ಮೊದಲ ಹೂವೂ ಅದಕ್ಕೇ ಸಿಕ್ಕಿತು.

ಒಂದು ದಿನ ಉತ್ತಯ್ಯ ಕೋವಿಯನ್ನು ಕೈಗೆತ್ತಿಕೊಂಡು, "ಇಷ್ಟು ಹಳೆಯದನ್ನು ಹಾರಿಸಿದರೆ ಕೈಯೇ ಹೋದೀತು. ಮುರಿಸಿ ಗುಜರಿಗೆ ಹಾಕೋಣ," ಎಂದರು.

ಕೋವಿ ತುಕ್ಕಿಗೆ ಪಿಸುಗುಟ್ಟಿತು: "ತುಕ್ಕಣ್ಣ, ಬೇಗ ಏಳಪ್ಪ. ನಾನು ಮೊನ್ನೆ ಮೊನ್ನೆ ಹುಟ್ಟಿದ್ದು ಅಂತ ಯಜಮಾನರು ಓದಲಿ."

ತುಕ್ಕು ಎದ್ದಿತು. ಕೆಳಗೆ ಒಂದು ಅಂಕಿಯೂ ಉಳಿದಿರಲಿಲ್ಲ.

"ಕೂರು ಅಂದೆ, ಕೂತೆ," ಎಂದು ತುಕ್ಕು ಬಾಯಿ ಒರೆಸಿಕೊಂಡಿತು. "ಊಟಕ್ಕೇನು ಮಾಡ್ತೀಯ ಅಂತ ನೀನು ಕೇಳಲೇ ಇಲ್ಲವಲ್ಲ."