ಮುಳುಗಿದರೆ ಕೈ ಬದಲು

"ಬುದ್ಧಿ, ಹೊಸ ಆಟ ಯಾವತ್ತೂ ಹಳೆಯ ಆಟದಷ್ಟು ಚೆನ್ನಾಗಿರುವುದಿಲ್ಲವಲ್ಲ, ಅದೇಕೆ?"

ಕೇಳಿದವನು ಗುರುಮಲ್ಲ. ಮಠದ ಪಾಠಶಾಲೆಯಲ್ಲಿ ಅವನದು ಆರನೇ ವರ್ಷ. ಬೆಳಗಿನ ಪಾಠ ಆಗತಾನೆ ಮುಗಿದಿತ್ತು. ಗುರುಗಳು ಕನ್ನಡಕ ತೆಗೆದು ಶಲ್ಯದ ಅಂಚಿನಲ್ಲಿ ಒರೆಸುತ್ತಿದ್ದರು.

"ಯಾವ ಆಟವಯ್ಯಾ? ಕಬಡ್ಡಿಯೋ?"

"ಅಲ್ಲ ಬುದ್ಧಿ, ವೀಡಿಯೊ ಗೇಮು. ಭಕ್ತರೊಬ್ಬರು ವಿದ್ಯಾರ್ಥಿನಿಲಯಕ್ಕೆ ಕೊಟ್ಟರಲ್ಲ, ಆ ಪೆಟ್ಟಿಗೆಯಲ್ಲಿ ಆಡುತ್ತೇವೆ. ಸಾಹಸದ ಆಟ. ಕಾಡು, ಕಣಿವೆ, ಕೋಟೆ ಎಲ್ಲ ದಾಟಿಕೊಂಡು ಹೋಗಬೇಕು. ಮೊದಲ ಮೂರು ಭಾಗಗಳನ್ನು ನಾನೂ ಸಿದ್ಧನಂಜನೂ ಒಟ್ಟಿಗೆ ಆಡಿದ್ದೆವು. ಅಬ್ಬಾ, ಏನು ಆಟ ಅವು! ನಾಲ್ಕನೆಯದು ಬರುತ್ತದೆ ಎಂದು ಗೊತ್ತಾದಾಗಿನಿಂದ ಕ್ಯಾಲೆಂಡರಿನಲ್ಲಿ ದಿನ ಹೊಡೆದುಹಾಕುತ್ತಾ ಕಾದೆ. ಬಂತು, ಆಡಿ ಮುಗಿಸಿದೆ. ಆ ಹಳೆಯ ಮಜಾ ಇಲ್ಲವೇ ಇಲ್ಲ. ನನಗೊಬ್ಬನಿಗೇ ಹೀಗನ್ನಿಸಿತು ಅಂದುಕೊಳ್ಳಬೇಡಿ. ಸಿದ್ಧನಂಜ ಪಕ್ಕದಲ್ಲೇ ಕೂತಿದ್ದ. ಅರ್ಧಕ್ಕೇ ಎದ್ದು ಹೋದ. ಈಗ ಆಟದ ಮಾತೆತ್ತಿದರೆ ಗೋಡೆ ಕಡೆ ತಿರುಗಿ ಮಲಗುತ್ತಾನೆ. ಅಷ್ಟು ಕೆಡಿಸಿಟ್ಟಿದ್ದಾರೆ ಆಟವನ್ನು!"

ಸಿದ್ಧನಂಜ ಅವನ ಕೋಣೆಯ ಜೊತೆಗಾರ. ಹಾಗೆ ಗೋಡೆ ಕಡೆ ತಿರುಗಿದವನ ಬೆನ್ನು ನೋಡಿ ನೋಡಿ ಗುರುಮಲ್ಲನಿಗೆ ಮೂರು ದಿನದಿಂದ ಊಟವೇ ಸೇರುತ್ತಿರಲಿಲ್ಲ. ಆ ಸಂಕಟವನ್ನೆಲ್ಲ ಅವನು ಆಟದ ಮೇಲೆ ಹೇರಿಕೊಂಡು ಬಂದಿದ್ದ.

ಗುರುಗಳು ಕನ್ನಡಕ ಹಾಕಿಕೊಂಡರು. "ಕೂತುಕೋ. ಹೀಗೇ ಕಾದು ಕೂತವನ ಕತೆಯೊಂದಿದೆ. ನಡುವೆ ಬಾಯಿ ಹಾಕಬೇಡ."

ಗುರುಮಲ್ಲ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರು. ಅಲ್ಲಿ ಗಡಿಯಾರ ರಿಪೇರಿ ಮಾಡುವವನೊಬ್ಬನಿದ್ದ. ಅವನ ಪಕ್ಕದ ಮಳಿಗೆಯಲ್ಲಿ ಬೇಕರಿಯವನೊಬ್ಬನಿದ್ದ. ಗಡಿಯಾರದವನು ಅಳೆದು ತೂಗಿ ಹೆಜ್ಜೆಯಿಡುವವನು. ಒಂದು ಪುಟ್ಟ ತಿರುಪು ಬಿಗಿಮಾಡಬೇಕಾದರೂ ಉಸಿರು ಹಿಡಿದು ಕೂರುತ್ತಿದ್ದ. ಬೇಕರಿಯವನು ಅದಕ್ಕೆ ತದ್ವಿರುದ್ಧ. ತಟ್ಟೆ ಕಾದಿದೆಯೇ ಎಂದು ನೋಡಲು ಬರಿಗೈಯನ್ನೇ ಇಟ್ಟು "ಅಯ್ಯೋ" ಅನ್ನುವ ಪೈಕಿ.

ಮಂಗಳವಾರ ಆ ಬೀದಿಗೆಲ್ಲ ರಜೆ. ಅವತ್ತು ಇಬ್ಬರೂ ಬೇಕರಿಯ ಹಿಂದಿನ ಕೋಣೆ ಸೇರುತ್ತಿದ್ದರು. ಮೈದಾ ಚೀಲಗಳ ಮೇಲೆ ಕೂರುವುದು, ಎದುರಿನ ಟೀವಿಯಲ್ಲಿ ಅಂಬಿಗನ ಆಟ ಆಡುವುದು. ಆಟ ಇಷ್ಟೇ. ಅಂಬಿಗನೊಬ್ಬ ಕಳೆದುಹೋದ ದ್ವೀಪಗಳನ್ನು ಹುಡುಕುತ್ತಾ ದೋಣಿ ನಡೆಸುತ್ತಾನೆ. ಸುಳಿ ಇದೆ, ಮೊಸಳೆ ಇದೆ, ಜಲಪಾತ ಇದೆ. ಕೈ ತಪ್ಪಿದರೆ ಅಂಬಿಗ ಮುಳುಗಿದ.

ಅವರ ಹತ್ತಿರ ಇದ್ದದ್ದು ಒಂದೇ ಜಾಯ್‌ಸ್ಟಿಕ್ಕು. ಅದಕ್ಕೊಂದು ಕಟ್ಟಳೆ ಮಾಡಿಕೊಂಡಿದ್ದರು: ಮುಳುಗಿದರೆ ಕೈ ಬದಲು. ಅಂಬಿಗನನ್ನು ಮುಳುಗಿಸಿದವನು "ಮುಳುಗಿದೆ, ತಗೋ" ಎಂದು ಜಾಯ್‌ಸ್ಟಿಕ್ಕನ್ನು ಪಕ್ಕದವನ ಮಡಿಲಿಗೆ ಎಸೆಯಬೇಕು. ಆಗ ಇಬ್ಬರಿಗೂ ಆಟ ಹೊಸದು. ಸುಳಿ ಎಲ್ಲಿದೆ, ಬಂಡೆ ಎಲ್ಲಿದೆ, ಒಂದೂ ಗೊತ್ತಿಲ್ಲ. ನಿಮಿಷಕ್ಕೊಂದು ಸಲ ಮುಳುಗುತ್ತಿದ್ದರು. ಜಾಯ್‌ಸ್ಟಿಕ್ಕು ಒಂದು ಮಡಿಲಲ್ಲಿ ಬಿಸಿಯಾಗುವಷ್ಟು ಹೊತ್ತೂ ಇರುತ್ತಿರಲಿಲ್ಲ.

ಒಂದು ಮಂಗಳವಾರ ಬೇಕರಿಯವನಿಗೆ ತಲೆ ಕೆಟ್ಟಿತು. "ಈ ಜಲಪಾತ ತಪ್ಪಿಸಿ ತಪ್ಪಿಸಿ ಸಾಕಾಯ್ತು. ನೆಟ್ಟಗೆ ಅದರೊಳಕ್ಕೇ ನುಗ್ಗಿಸ್ತೀನಿ, ಏನಾಗುತ್ತೋ ಆಗಲಿ" ಎಂದ. ನುಗ್ಗಿಸಿದ. ಹನ್ನೊಂದು ಸಲ ಮುಳುಗಿದರು, ಇವನೊಮ್ಮೆ, ಅವನೊಮ್ಮೆ. ಹನ್ನೆರಡನೆಯ ಸಲ ನೀರಿನ ಪರದೆ ಸೀಳಿಕೊಂಡು ದೋಣಿ ಒಳಗೆ ಹೋಯಿತು. ಒಳಗೆ ಒಂದು ಇಡೀ ದ್ವೀಪ! ಗಡಿಯಾರದವನು, ಅಳೆದು ತೂಗುವ ಆ ಮನುಷ್ಯ, ಚೀಲದಿಂದ ಚೀಲಕ್ಕೆ ಹಾರಿ ಕುಣಿದ. ಚೀಲ ಹರಿಯಿತು. ಇಬ್ಬರೂ ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ ಬೀದಿಗೆ ಬಂದರು. ಬೀದಿಯ ನಾಯಿ ಹೆದರಿ ಓಡಿಹೋಯಿತು. ನಗು ಬಂದರೆ ನಗು ಗುರುಮಲ್ಲ, ತಡೆದುಕೊಳ್ಳಬೇಡ.

ಹೀಗೆ ಮೂರು ಭಾಗಗಳು ಮುಗಿದವು. ಆಮೇಲೆ ಏಳು ವರ್ಷ ಆಟ ಮಾಡುವವರಿಂದ ಸುದ್ದಿಯೇ ಇಲ್ಲ.

ಅಷ್ಟರಲ್ಲಿ ಊರಿನಲ್ಲಿ ಈ ಆಟಕ್ಕೆ ಅಭಿಮಾನಿ ಬಳಗವೊಂದು ಹುಟ್ಟಿಕೊಂಡಿತು. ಬಸ್ ಕಂಡಕ್ಟರು, ಕಾಲೇಜಿನ ಲೆಕ್ಚರರು, ಹೂವಿನ ಅಂಗಡಿಯಾಕೆ, ಒಟ್ಟು ಇಪ್ಪತ್ತು ಜನ. ಒಬ್ಬರಿಗೆ ಮೊದಲನೆಯದರಲ್ಲಿ ದೋಣಿಯ ಹುಟ್ಟು ಕಿರುಗುಟ್ಟುವ ಸದ್ದೇ ಪ್ರಾಣ. ಇನ್ನೊಬ್ಬರಿಗೆ ಎರಡನೆಯದರ ಬಿರುಗಾಳಿ. "ಮೂರನೆಯದರ ಸಂಗೀತ ಕೇಳಿಯೂ ಹೀಗೆ ಮಾತಾಡ್ತೀಯಲ್ಲ, ನಿನಗೆ ಕಿವಿ ಇದೆಯಾ?" ಎಂದು ಹೂವಿನ ಅಂಗಡಿಯಾಕೆ ಜಗಳಕ್ಕೇ ಬರುತ್ತಿದ್ದಳು. ಕಂಡಕ್ಟರು ವಾದದ ಭರದಲ್ಲಿ ಎರಡು ಸ್ಟಾಪು ದಾಟಿಸಿ ಜನರಿಂದ ಬೈಸಿಕೊಂಡ. ಯಾರು ಎಷ್ಟೇ ಕೂಗಾಡಲಿ, ಕೊನೆಗೆ ಎಲ್ಲರೂ ತಿರುಗುತ್ತಿದ್ದದ್ದು ಗಡಿಯಾರದವನ ಕಡೆಗೆ. ಮೂರೂ ಭಾಗ ಅವನಿಗೆ ಬಾಯಿಪಾಠ. ಅವನು ಹೇಳಿದರೆ ಮುಗಿಯಿತು.

ನಾಲ್ಕನೆಯದು ಬರುತ್ತದೆ ಎಂಬ ಸುದ್ದಿ ಬಂತು ನೋಡು, ಊರಲ್ಲಿ ಇಪ್ಪತ್ತು ಜನರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗಡಿಯಾರದವನು ಒಬ್ಬರ ಗಡಿಯಾರದ ಮುಳ್ಳನ್ನು ಇನ್ನೊಬ್ಬರ ಗಡಿಯಾರಕ್ಕೆ ಹಾಕಿಕೊಟ್ಟ. ಬೇಕರಿಯವನು ದೋಣಿಯ ಆಕಾರದ ಕೇಕು ಮಾಡಿದ. ಅದಕ್ಕೆ ಬಿಸ್ಕತ್ತಿನ ಹುಟ್ಟು, ಸಕ್ಕರೆಯ ಅಂಬಿಗ. ಆ ಮಂಗಳವಾರ ಬೆಳಿಗ್ಗೆ ಇಬ್ಬರೂ ಹೊಸ ಅಂಗಿ ತೊಟ್ಟು ಮೈದಾ ಚೀಲದ ಮೇಲೆ ಕೂತರು. ಏಳು ವರ್ಷದ ಹಿಂದಿನ ಆ ಸಂತೋಷ ಇನ್ನೊಮ್ಮೆ ಸಿಗಬೇಕು, ಗಡಿಯಾರದವನಿಗೆ ಬೇಕಾದದ್ದು ಅಷ್ಟೇ.

"ನೀನೇ ಶುರುಮಾಡಪ್ಪ, ನೀನು ಹಿರಿಯ" ಎಂದು ಬೇಕರಿಯವನು ಜಾಯ್‌ಸ್ಟಿಕ್ಕು ಕೊಟ್ಟ.

ಗಡಿಯಾರದವನು ಶುರುಮಾಡಿದ. ಬಳಗಕ್ಕೆ ತೀರ್ಪು ಹೇಳಬೇಕಲ್ಲ, ತೊಡೆಯ ಮೇಲೊಂದು ನೋಟ್‌ಬುಕ್ಕನ್ನೂ ಇಟ್ಟುಕೊಂಡಿದ್ದ. ಸುಳಿ ಬಂತು. "ಇದು ಎರಡನೆಯದರ ಸುಳಿಯೇ, ಬಣ್ಣ ಬದಲಿಸಿದ್ದಾರೆ" ಎಂದು ಅಂಚಿನಲ್ಲೇ ದಾಟಿಸಿದ, ಬರೆದುಕೊಂಡ. ಮೊಸಳೆ ಬಂತು. "ಮೊದಲನೆಯದರಲ್ಲಿ ಇದಕ್ಕಿಂತ ಚುರುಕಾಗಿತ್ತು" ಎಂದು ತಪ್ಪಿಸಿದ, ಬರೆದುಕೊಂಡ. ನದಿ ಹೇಗೆ ತಿರುಗಿದರೂ ಅವನಿಗೆ ಮೊದಲೇ ಗೊತ್ತು. ಗಂಟೆ ಒಂದಾಯಿತು, ಎರಡಾಯಿತು. ಅಂಬಿಗನ ಪಂಚೆಯ ತುದಿಯೂ ಒದ್ದೆಯಾಗಲಿಲ್ಲ.

ಬೇಕರಿಯವನು ಮೊದಮೊದಲು ಚೀಲದ ಅಂಚಿಗೆ ಜಾರಿ ಕೂತಿದ್ದ. ಕೈಗಳೆರಡೂ ಮಡಿಲಲ್ಲಿ ತೆರೆದೇ ಇದ್ದವು. ಒಮ್ಮೆ, "ಆ ಕರೀ ಬಂಡೆ ಹಿಂದೆ ಏನಿದೆ, ನುಗ್ಗಿಸಿ ನೋಡೋಣ ಮಾರಾಯ" ಎಂದ.

"ಏನೂ ಇರಲ್ಲ ಸುಮ್ಮನಿರು. ಮೂರನೆಯದರಲ್ಲೂ ಇಂಥ ಬಂಡೆ ಇತ್ತು" ಎಂದು ಗಡಿಯಾರದವನು ದೋಣಿ ತಿರುಗಿಸಿದ.

ಬೇಕರಿಯವನು ಸಕ್ಕರೆಯ ಅಂಬಿಗನನ್ನು ಕಿತ್ತು ಬಾಯಿಗೆ ಹಾಕಿಕೊಂಡ. ಸ್ವಲ್ಪ ಹೊತ್ತಿಗೆ "ಒಲೆ ನೋಡಿ ಬರ್ತೀನಿ" ಎಂದು ಎದ್ದುಹೋದ. ಅವತ್ತು ರಜೆ. ಒಲೆ ಹೊತ್ತಿಸಿಯೇ ಇರಲಿಲ್ಲ. ಟೀವಿಗೆ ಕಣ್ಣು ನೆಟ್ಟಿದ್ದ ಗಡಿಯಾರದವನಿಗೆ ಅದು ಹೊಳೆಯಲಿಲ್ಲ. "ಹೂಂ" ಎಂದ.

ಮುಂದಿನ ಎರಡು ಮಂಗಳವಾರ ಬೇಕರಿಯವನಿಗೆ ಏನೋ ಕೆಲಸವಿತ್ತು. ಗಡಿಯಾರದವನು ಒಬ್ಬನೇ ಕೂತು ಆಟ ಮುಗಿಸಿದ. ಮೊದಲಿನಿಂದ ಕೊನೆಯವರೆಗೆ ಅಂಬಿಗ ಒಂದೇ ಒಂದು ಸಲವೂ ಮುಳುಗಲಿಲ್ಲ. ಕೊನೆಯ ದ್ವೀಪದಲ್ಲಿ ಬಾಣಬಿರುಸು ಹಾರಿದವು. ಗಡಿಯಾರದವನಿಗೆ ಅಳು ಬಂತು. ಏಳು ವರ್ಷ ಕಾದದ್ದು ಇದಕ್ಕಾ? ಅವನು ಬಳಗಕ್ಕೆ ಬರೆದ: "ಆ ಹಳೆಯ ಸಂತೋಷ ಇದರಲ್ಲಿಲ್ಲ. ಆಟ ಮಾಡುವವರು ಕೈ ಕಳೆದುಕೊಂಡಿದ್ದಾರೆ." ಇಪ್ಪತ್ತು ಜನರೂ ಮುಖ ಸಪ್ಪೆ ಮಾಡಿಕೊಂಡರು.

ಹೋಗಲಿ, ಹಳೆಯದಾದರೂ ಇದೆಯಲ್ಲ ಎಂದು ಅವನು ಮೊದಲ ಭಾಗವನ್ನು ಮತ್ತೆ ಹಾಕಿದ. ಅದೇ ನದಿ, ಅದೇ ಹುಟ್ಟಿನ ಸದ್ದು. ಜಲಪಾತ ಬಂತು. ಒಂದೇ ಏಟಿಗೆ ಒಳಗೆ ಹೋದ. ದ್ವೀಪ ಕಂಡಿತು. ಅವನು ಚೀಲದಿಂದ ಏಳಲೇ ಇಲ್ಲ. ಇದೇ ನದಿಯಲ್ಲಿ ಅಲ್ಲವೇ ತಾನು ಕುಣಿದದ್ದು?

ಈಗ ಅವನಿಗೆ ನಿಜವಾಗಿಯೂ ದಿಗಿಲಾಯಿತು. ಹೊಸದು ಕೆಟ್ಟರೆ ಕೆಡಲಿ, ಹಳೆಯದೂ ಕೆಟ್ಟರೆ ಮನುಷ್ಯ ಎಲ್ಲಿಗೆ ಹೋಗಬೇಕು? ಓಡಿಕೊಂಡು ಬೇಕರಿಯ ಮುಂಭಾಗಕ್ಕೆ ಬಂದ. ಬೇಕರಿಯವನು ಗಾಜಿನ ಬೀರು ಒರೆಸುತ್ತಿದ್ದ.

"ಅಲ್ಲಯ್ಯಾ, ಹಳೆಯದೂ ಸಪ್ಪೆಯಾಗಿಬಿಟ್ಟಿದೆ! ಹೊಸದರ ಗತಿಯಂತೂ ನೀನೇ ನೋಡಿದೆಯಲ್ಲ. ಏನಾಗಿದೆ ಈ ಆಟಕ್ಕೆ, ನೀನಾದರೂ ಹೇಳು."

ಬೇಕರಿಯವನು ಒರೆಸುವುದನ್ನು ನಿಲ್ಲಿಸಲಿಲ್ಲ. "ನನಗೇನಪ್ಪಾ ಗೊತ್ತು? ನಾನೆಲ್ಲಿ ಆಡಿದೆ?"

ಗಡಿಯಾರದವನು ಹಿಂದಿನ ಕೋಣೆಗೆ ಹೋದ, ನಾಲ್ಕನೆಯ ಭಾಗವನ್ನು ಮೊದಲಿನಿಂದ ಹಚ್ಚಿದ, ಮರಳಿ ಬಂದು ಜಾಯ್‌ಸ್ಟಿಕ್ಕನ್ನು ಬೇಕರಿಯವನ ಕೈಯಲ್ಲಿಟ್ಟ.

ಬೇಕರಿಯವನು ಒಳಗೆ ಬಂದು ಚೀಲದ ಮೇಲೆ ಕೂತ. ಮುಖ ಇನ್ನೂ ಬಿಗಿದೇ ಇತ್ತು. ದೋಣಿಯನ್ನು ನೆಟ್ಟಗೆ ಆ ಕರೀ ಬಂಡೆಗೇ ಹೊಡೆಸಿದ. ದೋಣಿ ಎರಡು ಹೋಳಾಯಿತು. "ಮುಳುಗಿದೆ, ತಗೋ!" ಎಂದವನಿಗೆ ತಡೆಯಲಾಗದೆ ನಗು ಬಂತು. ಗಡಿಯಾರದವನೂ ಬಂಡೆಗೇ ಹೊಡೆಸಿದ. "ಮುಳುಗಿದೆ!" ಎಡಗಡೆಯಿಂದ ನುಗ್ಗಿದರು, ಮೊಸಳೆ ನುಂಗಿತು. ಬಲಗಡೆಯಿಂದ ನುಗ್ಗಿದರು, ಸುಳಿ ನುಂಗಿತು. "ಕೊಡೋ ಇಲ್ಲಿ!" "ಏಯ್, ನೀನಿನ್ನೂ ಮುಳುಗಿಲ್ಲ, ಅಲ್ಲಲ್ಲ, ನಾನು ಮುಳುಗಿಲ್ಲ!" ಇಬ್ಬರ ಗಲಾಟೆಗೆ ಹೂವಿನ ಅಂಗಡಿಯಾಕೆ ಬುಟ್ಟಿ ಸಮೇತ ಓಡಿಬಂದಳು, ಯಾರಿಗೆ ಏನಾಯಿತೋ ಎಂದು. ಕೊನೆಗೆ ಹೇಗೋ ಬಂಡೆ ಸುತ್ತಿ ಹಿಂದಕ್ಕೆ ಹೋದರು.

ಬಂಡೆಯ ಹಿಂದೆ ಏನೂ ಇರಲಿಲ್ಲ. ಬರೀ ನೀರು. ಗಡಿಯಾರದವನು ಹೇಳಿದ್ದೇ ಸರಿಯಾಗಿತ್ತು. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅವತ್ತು ಇನ್ನೊಂದು ಮೈದಾ ಚೀಲ ಹರಿಯಿತು.

ಮಾರನೆಯ ದಿನ ಗಡಿಯಾರದವನು ಬಳಗಕ್ಕೆ ಬರೆದ: "ನಾಲ್ಕನೆಯದು ಬಲು ಚೆನ್ನಾಗಿದೆ. ನಾನು ಮೊದಲು ಬರೆದದ್ದನ್ನು ಯಾರೂ ನಂಬಬೇಡಿ." ಇಪ್ಪತ್ತು ಜನರೂ ಅವನ ಮೇಲೆ ಮುಗಿಬಿದ್ದರು. "ಏನ್ರೀ, ಇಷ್ಟು ಬೇಗ ಪಕ್ಷ ಬದಲಾಯಿಸಿಬಿಟ್ರಾ?" ಎಂದು ಕಂಡಕ್ಟರು ಛೇಡಿಸಿದ. ಗಡಿಯಾರದವನು ಓದಲಿಲ್ಲ. ಅವನು ಹಿಂದಿನ ಕೋಣೆಯಲ್ಲಿದ್ದ, ಮತ್ತೆ ಮುಳುಗುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

ಗುರುಮಲ್ಲನ ಮುಖ ಅರಳಿತ್ತು. ಅವನು ಕತೆಯುದ್ದಕ್ಕೂ ನಕ್ಕಿದ್ದ, ಬಂಡೆಯ ಹಿಂದೆ ಏನೂ ಇಲ್ಲ ಎಂದಾಗಲಂತೂ ತೊಡೆ ತಟ್ಟಿಕೊಂಡಿದ್ದ. "ಆ ಗಡಿಯಾರದವನು ಎಂಥ ಪೆದ್ದ ಬುದ್ಧಿ! ಪಕ್ಕದಲ್ಲಿ ಕೂತವನನ್ನೇ ಮರೆಯುವುದೇ? ಹಾಗಾದರೆ ನೀವೇ ಹೇಳಿ, ನಮ್ಮ ಆಟದಲ್ಲೂ ಮೊದಲ ಮೂರು ಹೆಚ್ಚೋ, ನಾಲ್ಕನೆಯದು ಹೆಚ್ಚೋ?"

ಗುರುಗಳು ಎದ್ದು ಶಲ್ಯ ಹೆಗಲಿಗೆ ಹಾಕಿಕೊಂಡರು.

"ಅದಿರಲಿ ಗುರುಮಲ್ಲ, ನಾಲ್ಕನೆಯದು ಸಿದ್ಧನಂಜನ ಕೈಗೆ ಎಷ್ಟು ಸಲ ಬಂತು?"

ಗುರುಮಲ್ಲ ಎಣಿಸಲು ಕೈಯೆತ್ತಿದ. ಒಂದು ಬೆರಳೂ ಮಡಿಯಲಿಲ್ಲ.