ನೇಕಾರ ಓಣಿಗೆ ಬಂದ ಸಾಗವಾನಿ ತೊಲೆ

ಪೂಜ್ಯ ಶ್ರೀ ಗುರುಪಾದ ಮಹಾಸ್ವಾಮಿಗಳು ಹಿರೇತೊರೆಯ ಮಠಕ್ಕೆ ಬಿಜಯಂಗೈದಿದ್ದ ಕಾಲವದು. ಹಿತ್ತಲಿನ ಒಂದು ಕೋಣೆಯೇ ಅವರ ವಾಸ, ಕಂಬಳಿಯೇ ಹಾಸಿಗೆ. ಊರ ಹಿರಿಯರು ಮಾತ್ರ ಮಠಕ್ಕೆ ಮಹಾದ್ವಾರ ಬೇಕೆಂದು ಹಟ ಹಿಡಿದು ಸಾಗವಾನಿ ತೊಲೆಗಳನ್ನು ತರಿಸಿ ಅಂಗಳದಲ್ಲಿ ಒಟ್ಟಿದ್ದರು.

ಮಠದ ಬೆನ್ನಿಗೇ ನೇಕಾರ ಓಣಿ. ಮಣ್ಣು ಹೊದಿಸಿದ ಮಾಳಿಗೆಗಳು ಸೋರಿ, ಎರಡು ಮಳೆಗಾಲದಲ್ಲಿ ಅಲ್ಲಿನ ಏಳು ಮನೆಗಳವರು ಬೀಗ ಹಾಕಿ ಊರು ಬಿಟ್ಟಿದ್ದರು. ಆ ವರ್ಷ ವಿಧವೆ ಕಲ್ಲವ್ವನ ಮಾಳಿಗೆಯ ತೊಲೆ ಮುರಿದು ಮಗ್ಗದ ಮೇಲೆಯೇ ಬಿತ್ತು. ಒಂದು ತೊಲೆ ಹಾಕಿಸಿಕೊಡಿರೆಂದು ಕೇಳಹೋದರೆ ಹಿರಿಯರಾದ ಶಾಂತವೀರಪ್ಪ ದೇಸಾಯರು ನಕ್ಕುಬಿಟ್ಟರು.

"ಆ ಪಾಳು ಓಣ್ಯಾಗ ಏನೈತಿ? ಮನಿ ನಮಗ ಬರದುಕೊಟ್ಟು ಹೋಗು. ಮಠದ ದಾರಿನರ ಅಗಲ ಆಕ್ಕೈತಿ."

ಗಂಡ ಕಟ್ಟಿದ ಮನೆ! ಕಲ್ಲವ್ವನ ಮೈ ಉರಿದುಹೋಯಿತು. ಎಂದೂ ಮಠದ ಹೊಸ್ತಿಲು ತುಳಿಯದವಳು ನೆಟ್ಟಗೆ ಒಳನುಗ್ಗಿದಳು. ಕೈಮುಗಿಯಲಿಲ್ಲ.

"ಅಪ್ಪಾರ, ತೊಲಿ ಮುರದರ ತೊಲಿ ಹಾಕಬೇಕೋ, ಮನಿಯವರನ್ನ ಹೊರಗ ಹಾಕಬೇಕೋ? ಓಣಿ ಖಾಲಿ ಆದಮ್ಯಾಲ ನಿಮ್ಮ ಬಾಗಲದಾಗ ಬರಾವ್ರು ಯಾರು?"

ನೆರೆದವರು ಹೌಹಾರಿದರು. ಶ್ರೀಗಳ ಕಣ್ಣು ಕೆಂಪಾದವು. ಆದರೆ ಆ ಕೋಪ ಅವಳ ಮೇಲಿನದಲ್ಲ. ಎದ್ದು ಬರಿಗಾಲಲ್ಲೇ ಓಣಿಗೆ ನಡೆದರು; ದೇಸಾಯರೂ ಹಿಂಬಾಲಿಸಿದರು. ಮುರಿದ ತೊಲೆಯ ಕೆಳಗೆ ನಿಂತು, ಗೋಡೆಗಳನ್ನು ಅಂಗೈಯಿಂದ ತಟ್ಟಿ ನೋಡಿದರು.

"ಗ್ವಾಡಿ ಗಟ್ಟಿ ಅದಾವ. ದೇಸಾಯ್ರ, ಅಂಗಳದಾಗಿನ ತೊಲಿ ತರಸ್ರಿ."

"ಅಪ್ಪಾರ, ಅವು ದೇವರ ಕೆಲಸಕ್ಕ ತಂದಾವು..."

"ಇದು ಯಾರ ಕೆಲಸ?"

ಎಂದೂ ಏರದ ಆ ದನಿ ಅಂದು ಗುಡುಗಿತು. ದೇಸಾಯರ ತಲೆ ತಗ್ಗಿತು. ತೊಲೆ ಏರಿದ ಮೇಲೆ, ನೀರು ಇಳಿಯದಂತೆ ಮಾಳಿಗೆಗೆ ಹಾಕುವ ಚೌಳು ಮಣ್ಣಿನ ಮೊದಲ ಬುಟ್ಟಿಯನ್ನು ಶ್ರೀಗಳೇ ಹೊತ್ತರು. ಗುರುಗಳ ಜಟೆಯಿಂದ ಮಣ್ಣು ಉದುರುವುದನ್ನು ಕಂಡು, ಜಗಳಕ್ಕೆಂದು ಬಂದಿದ್ದ ಕಲ್ಲವ್ವ ಅವರ ಪಾದಕ್ಕೆರಗಲು ಬಾಗಿದಳು. ಶ್ರೀಗಳು ತಡೆದರು.

"ಪಕ್ಕದ ಮಾಳಿಗಿನೂ ಸೋರತೈತೆವ್ವಾ."

ಕಲ್ಲವ್ವ ಸೆರಗು ಬಿಗಿದು ಬುಟ್ಟಿ ಎತ್ತಿಕೊಂಡಳು. ಮಗ್ಗಕ್ಕೆ ಕೂತದ್ದು ಬೀಗ ಹಾಕಿದ್ದ ಏಳೂ ಮನೆಗಳ ಮಾಳಿಗೆಗೆ ಮಣ್ಣು ಬಿದ್ದ ಮೇಲೆಯೇ. ಹಾಗೆ ಕೂರುವ ಮುನ್ನ ನೆರೆಯೂರಿಗೆ ನಡೆದು, ಅಲ್ಲಿ ಯಾರದೋ ಮನೆಯ ಮುಸುರೆ ತಿಕ್ಕುತ್ತಿದ್ದ ಹಳೆಯ ನೆರೆಯವಳಾದ ರುದ್ರವ್ವನ ರಟ್ಟೆ ಹಿಡಿದು ಎಬ್ಬಿಸಿದಳು.

"ಏಳ ಯಕ್ಕಾ. ನಿನ್ನ ಸ್ವಂತ ಮನಿ ಇರೂವಾಗ ಇಲ್ಲೇನ ಮಾಡಾಕತ್ತಿ?"